ನಿದ್ರಾಭಂಗದ ಧರ್ಮಾಧರ್ಮ

ನಿದ್ರಿಸುತ್ತಿರುವವನನ್ನು ಥಟ್ಟನೆ ಎಬ್ಬಿಸಬಾರದೆಂಬ ಮಾತೊಂದು ಬೃಹದಾರಣ್ಯಕೋಪನಿಷತ್ತಿನಲ್ಲಿ ಬರುತ್ತದೆ. ಜನಕನಿಗೂ ಯಾಜ್ಞವಲ್ಕ್ಯನಿಗೂ ನಡೆಯುವ ಸಂವಾದದಲ್ಲಿ ಸ್ವಪ್ನಾವಸ್ಥೆಯ ವಿಚಾರವು ಸಾಗುತ್ತಿರುವಾಗ, ಬಲ್ಲವರು ಹೀಗೆ ಹೇಳುವುದುಂಟು ಎಂಬ ಧಾಟಿಯಲ್ಲಿ ಅದು ಬಂದುಹೋಗುತ್ತದೆ. ನಿದ್ರೆಯಲ್ಲಿ ದೇಹವೆಂಬ ಗೂಡನ್ನು ಬಿಟ್ಟು ಹೊರಗೆ ಸಂಚರಿಸುವ ಪುರುಷನನ್ನು ಅವಸರದಿಂದ ಕರೆದರೆ ಅವನು ತಾನು ಬಂದು ಸೇರಬೇಕಾದ ಎಡೆಯನ್ನು ಸೇರದೆ ಹೋದಾನು. ಹಾಗೆ ಸೇರದೆ ಹೋದಲ್ಲಿ ಚಿಕಿತ್ಸೆ ದುಸ್ಸಾಧ್ಯವಾದೀತು ಎಂಬುದು ಅದರ ಅಭಿಪ್ರಾಯ. ತತ್ತ್ವದ ದೊಡ್ಡ ಮಾತುಗಳ ನಡುವೆ ಸಿಕ್ಕಿರುವ ಈ ಸಣ್ಣ ಮಾತನ್ನು ಓದುವವರು ಸಾಮಾನ್ಯವಾಗಿ ದಾಟಿಕೊಂಡು ಮುಂದಕ್ಕೆ ಹೋಗುತ್ತಾರೆ. ಆದರೆ ಕೂಸನ್ನು ಸಾಕಿದ ಯಾವ ತಾಯಿಗೂ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಇದಿರಾಗಿ ನಿಲ್ಲುವುದು ರಾಮಾಯಣದ ಬಾಲಕಾಂಡದ ಒಂದು ಬೆಳಗು. ಸರಯೂ ತೀರದಲ್ಲಿ ಹುಲ್ಲುಹಾಸಿನ ಮೇಲೆ ಮಲಗಿದ್ದ ಎಳೆಯ ರಾಮನನ್ನು ವಿಶ್ವಾಮಿತ್ರನು ಎಬ್ಬಿಸುತ್ತಾನೆ. ಅವನು ಮೊದಲು ನೆನೆಯುವುದು ಹುಡುಗನ ತಾಯಿಯನ್ನು. ಆಮೇಲೆ ಹೇಳುವುದು ಬೆಳಗಾಯಿತೆಂಬುದನ್ನು. ಕಡೆಯಲ್ಲಿ ಮಾಡಬೇಕಾದ ಆಹ್ನಿಕವನ್ನು. ತಿರುಪತಿಯ ಸುಪ್ರಭಾತಕ್ಕೆ ಮೊದಲಾಗಿ ಬಂದ ಆ ಶ್ಲೋಕವು ಇಂದಿಗೂ ಎಷ್ಟೋ ಮನೆಗಳಲ್ಲಿ ಪ್ರತಿದಿನ ಉಷಃಕಾಲದಲ್ಲಿ ಕೇಳಿಬರುತ್ತಿರುವುದಷ್ಟೆ. ಎಬ್ಬಿಸಬೇಡವೆನ್ನುವುದೊಂದು ಮಾತು; ಏಳು, ಕರ್ತವ್ಯವಿದೆ ಎನ್ನುವುದು ಇನ್ನೊಂದು ಮಾತು. ಎರಡೂ ಪೂಜ್ಯವಾದುವೇ. ಸಾಧಾರಣ ಸಂಸಾರದಲ್ಲಿ ಇವೆರಡಕ್ಕೂ ಜಗಳವಿಲ್ಲ. ಇರುಳೆಲ್ಲ ಒಂದನ್ನು ಪಾಲಿಸಿ, ಬೆಳಗಾಗುತ್ತಲೆ ಇನ್ನೊಂದನ್ನು ಪಾಲಿಸಿದರೆ ತೀರಿತು.

ಆದರೆ ಪ್ರತಿದಿನವೂ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು, ಯಾವುದನ್ನು ಮೀರಿದರೂ ತಪ್ಪು ತಮ್ಮದೇ ಎಂದು ಕೊರಗುವ ತಾಯಿತಂದೆಗಳು ಲೋಕದಲ್ಲಿದ್ದಾರೆ. ಅವರ ಮಕ್ಕಳಿಗೆ ಬಂದಿರುವ ರೋಗಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂದು ಹೆಸರು. ಅದಕ್ಕೆ ಆ ಹೆಸರು ಬಂದದ್ದು ೧೯೩೮ರಲ್ಲಿ. ನ್ಯೂಯಾರ್ಕ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಡೊರೊಥಿ ಆ್ಯಂಡರ್ಸನ್ ಎಂಬ ವೈದ್ಯವಿದುಷಿಯು, ಹೊಟ್ಟೆಯ ಬೇನೆಯಿಂದಲೂ ಎದೆಯ ಬೇನೆಯಿಂದಲೂ ಸತ್ತ ಅನೇಕ ಶಿಶುಗಳ ಮೇದೋಜೀರಕ ಗ್ರಂಥಿಯಲ್ಲಿ ಒಂದೇ ಬಗೆಯ ವಿಕಾರವನ್ನು ಕಂಡು, ಇದೊಂದು ಬೇರೆಯೇ ರೋಗವೆಂದು ತೋರಿಸಿಕೊಟ್ಟಳು. ರೋಗ ಮಾತ್ರ ಬಹು ಹಳೆಯದು. ಹಣೆಗೆ ಮುತ್ತಿಟ್ಟಾಗ ಉಪ್ಪುಪ್ಪಾಗುವ ಕೂಸು ಬಹುಕಾಲ ಬಾಳದೆಂಬ ನಂಬಿಕೆಯು ಐರೋಪ್ಯ ಹಳ್ಳಿಗಳ ಮುದುಕಿಯರಲ್ಲಿ ಶತಮಾನಗಳಿಂದ ಇದ್ದಿತು. ಮುದುಕಿಯರು ಕಂಡುಕೊಂಡಿದ್ದ ಈ ಬೆವರಿನ ಉಪ್ಪನ್ನು ವೈದ್ಯರು ಅಳೆದು ನಿಶ್ಚಯಿಸಿದ್ದು ೧೯೫೩ರಲ್ಲಿ.

ರೋಗದ ಮೂಲವು ಏಳನೆಯ ವರ್ಣತಂತುವಿನ ಮೇಲಿರುವ ಒಂದು ಜೀನಿನ ದೋಷವೆಂಬುದು ೧೯೮೯ರಲ್ಲಿ ತಿಳಿದುಬಂತು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಕಡೆಯಿಂದಲೂ ದೋಷವುಳ್ಳ ಪ್ರತಿಯೇ ಬಂದರೆ ಮಾತ್ರ ಮಗುವಿಗೆ ರೋಗ. ಒಂದು ಪ್ರತಿಯನ್ನು ಮಾತ್ರ ಹೊತ್ತಿರುವ ತಾಯಿತಂದೆಗಳು ಪೂರ್ಣ ಆರೋಗ್ಯವಂತರು, ತಮ್ಮಲ್ಲಿ ಇಂತಹದೊಂದು ಇದೆಯೆಂದೂ ಅರಿಯದವರು. ಅಂಥವರಿಗೆ ಹುಟ್ಟುವ ಪ್ರತಿ ಮಗುವಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಸಂಭವವಿರುತ್ತದೆ. ಜೀವಕೋಶಗಳಲ್ಲಿ ಉಪ್ಪು ನೀರುಗಳು ಹಾಯುವ ಬಾಗಿಲೊಂದು ಈ ದೋಷದಿಂದ ಕೆಡುತ್ತದೆ. ಆಗ ಶ್ವಾಸಕೋಶದ ತೆಳ್ಳನೆಯ ಲೋಳೆಯು ಅಂಟಿನಂತಾಗಿ, ಕ್ರಿಮಿಗಳಿಗೆ ನೆಲೆಯಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಂಡು, ಉಂಡ ಅನ್ನದ ಕೊಬ್ಬು ಜೀರ್ಣವಾಗದೆ ಹೊರಟುಹೋಗುತ್ತದೆ. ಮಗು ಎಷ್ಟು ಉಂಡರೂ ಮೈಗೂಡದು.

ಈ ರೋಗವನ್ನು ಕುರಿತು ಬರೆದವರೆಲ್ಲ ಉಸಿರನ್ನೂ ಆಹಾರವನ್ನೂ ಕುರಿತು ಬರೆದರು. ನಿದ್ರೆಯ ಮಾತು ಬಹಳ ತಡವಾಗಿ ಬಂದಿತು. ತಡವಾದದ್ದು ಏಕೆಂಬುದೂ ವಿಚಾರಮಾಡತಕ್ಕ ವಿಷಯವೇ.

ಇಂತಹ ಮಗುವಿನ ಇರುಳು ಹೇಗಿರುತ್ತದೆಂಬುದನ್ನು ಮೊದಲು ನೋಡಬೇಕು. ಆರೋಗ್ಯವಂತನಾದವನಿಗೂ ನಿದ್ರೆಯಲ್ಲಿ ಉಸಿರು ಸ್ವಲ್ಪ ಮೇಲುಮೇಲಾಗುತ್ತದೆ. ಕನಸು ಹೆಚ್ಚಾಗಿ ಬೀಳುವ ನಿದ್ರೆಯ ಭಾಗದಲ್ಲಂತೂ ಪಕ್ಕೆಲುಬುಗಳ ನಡುವಣ ಸ್ನಾಯುಗಳು ಸಡಿಲಗೊಂಡು, ಉಸಿರಾಟದ ಭಾರವೆಲ್ಲ ವಪೆಯೊಂದರ ಮೇಲೆಯೇ ಬೀಳುತ್ತದೆ. ಗಟ್ಟಿಯಾದ ಎದೆಗೆ ಇದರಿಂದ ಯಾವ ಕುಂದೂ ಇಲ್ಲ. ಹಗಲಿನಲ್ಲಿ ಪಕ್ಕೆಯ ಸ್ನಾಯುಗಳ ಬಲವನ್ನೂ ಸೇರಿಸಿಕೊಂಡು ಹೇಗೋ ಉಸಿರಾಡುವ ರೋಗಿಗಾದರೋ ಈ ಸಹಾಯ ತಪ್ಪಿದೊಡನೆಯೆ ರಕ್ತದಲ್ಲಿ ಪ್ರಾಣವಾಯುವಿನ ಪ್ರಮಾಣ ಇಳಿಯುತ್ತದೆ. ಎಚ್ಚರವಿದ್ದಾಗ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುವುದುಂಟು. ಕೆಡುಕು ನಡೆಯುವುದು ಕನಸಿನ ಹೊತ್ತಿನಲ್ಲಿ.

ಕೆಮ್ಮಿನ ವಿಷಯ ಇನ್ನೂ ವಿಚಿತ್ರವಾದುದು. ಮನುಷ್ಯನು ಗಾಢನಿದ್ರೆಯಲ್ಲಿ ಕೆಮ್ಮುವುದು ಬಲು ಅಪರೂಪ. ನಿದ್ರೆಯು ಕೆಮ್ಮನ್ನು ಅಡಗಿಸುತ್ತದೆ. ಆದುದರಿಂದ ಎದೆಯಲ್ಲಿ ಕಫ ತುಂಬಿದಾಗ ದೇಹವು ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಗುತ್ತದೆ: ಕಫವನ್ನು ಹಾಗೆಯೇ ಬಿಟ್ಟು ಮಲಗುವುದೋ, ನಿದ್ರೆಯನ್ನು ಮುರಿದು ಕೆಮ್ಮುವುದೋ. ಮಗುವು ರಾತ್ರಿಯಲ್ಲಿ ಕೆಮ್ಮುತ್ತಿದೆಯೆಂದರೆ ಅದು ಎಚ್ಚರಗೊಳ್ಳುತ್ತಿದೆಯೆಂದೇ ಅರ್ಥ. ಬೆಳಗ್ಗೆ ಕೇಳಿದರೆ ಅದಕ್ಕೆ ನೆನಪಿರುವುದಿಲ್ಲ. ಆದರೆ ಶಾಲೆಯಲ್ಲಿ ಮಧ್ಯಾಹ್ನದ ಪಾಠಕ್ಕೆ ಕಣ್ಣು ಮುಚ್ಚಿಹೋಗುತ್ತದೆ. ತಾಯಿತಂದೆಗಳನ್ನು ಕಾಡುವ ಪ್ರಶ್ನೆಯನ್ನು ದೇಹವು ಅವರಿಗಿಂತ ಮುಂಚೆಯೇ ತನಗೆ ತಾನು ಹಾಕಿಕೊಂಡಿರುತ್ತದೆ.

ಇವಲ್ಲದೆ ಮೂಗಿನೊಳಗೆ ಬೆಳೆಯುವ ಮಾಂಸದಿಂದ ಉಸಿರು ಕಟ್ಟುವುದು, ಹೊಟ್ಟೆಯ ಹುಳಿ ಗಂಟಲಿಗೆ ಏರುವುದು, ಹೊಟ್ಟೆನೋವು, ಪ್ರಾಯ ಬಂದವರಲ್ಲಿ ಹಲವರಿಗೆ ಈ ರೋಗದ ಬೆನ್ನಿಗೇ ಬರುವ ಮಧುಮೇಹ, ಅದು ಹತೋಟಿಗೆ ಬಾರದಿದ್ದಾಗ ಮೂತ್ರಕ್ಕಾಗಿ ಮತ್ತೆ ಮತ್ತೆ ಏಳುವುದು, ಇವೂ ಉಂಟು. ಆಸ್ಪತ್ರೆ ಸೇರಿದರೆ ಹೊತ್ತುಹೊತ್ತಿಗೆ ಸೂಜಿಮದ್ದು. ಮದ್ದಿನ ಗಡಿಯಾರಕ್ಕೆ ನಡುರಾತ್ರಿಯೆಂಬುದಿಲ್ಲ. ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಔಷಧದ ಹಬೆಯನ್ನು ಎಳೆದುಕೊಂಡು, ಎದೆಯನ್ನೂ ಬೆನ್ನನ್ನೂ ತಟ್ಟಿಸಿಕೊಂಡು, ಕಫವನ್ನು ಹೊರಕ್ಕೆ ತೆಗೆಯುವ ಕ್ರಮವು ಮುಗಿಯಬೇಕು. ಸಂಜೆ ಮತ್ತೊಮ್ಮೆ. ಒಟ್ಟು ದಿನಕ್ಕೆ ಸುಮಾರು ಎರಡು ಗಂಟೆಯ ಕೆಲಸ. ಒಡಹುಟ್ಟಿದವರು ಏಳು ಗಂಟೆಗೆ ಎದ್ದರೆ ಈ ಮಗು ಆರಕ್ಕೋ ಅದಕ್ಕೂ ಮೊದಲೋ ಏಳಬೇಕು. ಅದೂ ಇರುಳೆಲ್ಲ ಅವರಿಗಿಂತ ಕಡಮೆ ಮಲಗಿ.

ಹೀಗಿರುವಲ್ಲಿ ಆ ಮಗುವನ್ನು ಎಬ್ಬಿಸುವುದು ಧರ್ಮವೆ?

ಒಡನೆಯೆ ತೋರುವ ಉತ್ತರ ಸುಲಭವಾದುದು. ಪ್ರಾಣ ದೊಡ್ಡದು, ನಿದ್ರೆ ಚಿಕ್ಕದು; ಮನೆಗೆ ಬೆಂಕಿ ಬಿದ್ದಾಗ ಮಲಗಿದ್ದವರನ್ನು ಎಬ್ಬಿಸುವುದಕ್ಕೆ ಯಾರೂ ಉಪನಿಷತ್ತನ್ನು ತಿರುವಿ ನೋಡುವುದಿಲ್ಲ. ಇದು ಸರಿಯಾದ ಮಾತೇ. ಆದರೆ ಮನೆಗೆ ಬೀಳುವ ಬೆಂಕಿ ಒಂದು ರಾತ್ರಿಯದು. ಧರ್ಮಶಾಸ್ತ್ರಗಳು ಆಪದ್ಧರ್ಮವೆಂಬುದೊಂದನ್ನು ಒಪ್ಪಿಕೊಂಡಿವೆ. ಆಪತ್ತು ಬಂದಾಗ ಸಾಮಾನ್ಯ ನಿಯಮವನ್ನು ಮೀರಬಹುದು. ಆಪತ್ತು ಕಳೆದೊಡನೆ ಮತ್ತೆ ನಿಯಮಕ್ಕೆ ಹಿಂತಿರುಗಬೇಕು. ಈ ಹಿಂತಿರುಗುವಿಕೆಯೇ ಆಪದ್ಧರ್ಮದ ಜೀವ. ಹುಟ್ಟಿದಂದಿನಿಂದ ಕಡೆಯವರೆಗೂ ಕಳೆಯದ ಆಪತ್ತಿನಲ್ಲಿ ಏನು ಮಾಡತಕ್ಕದ್ದು? ಅಲ್ಲಿ ಆಪದ್ಧರ್ಮವೇ ನಿತ್ಯಧರ್ಮವಾಗಿ ಕುಳಿತುಬಿಡುತ್ತದೆ. ಒಂದು ಸಲಕ್ಕೆ ಒಪ್ಪುವ ವಾದವು ಐದು ಸಾವಿರ ಸಲಕ್ಕೂ ಒಪ್ಪುತ್ತದೆಯೆ ಎಂದು ಕೇಳುವವರೇ ಇಲ್ಲದಂತಾಗುತ್ತದೆ. ಪ್ರತಿ ಬೆಳಗ್ಗೆಯೂ ಪ್ರಾಣವನ್ನು ತಕ್ಕಡಿಯ ಒಂದು ಕಡೆಗೆ ಇಟ್ಟರೆ, ಇನ್ನೊಂದು ಕಡೆಯಲ್ಲಿ ಏನಿಟ್ಟರೂ ಅದು ಮೇಲಕ್ಕೇ ಹೋಗುವುದು. ಆದರೆ ಒಂದು ಬೆಳಗಿನ ಒಂದು ಗಂಟೆಯ ನಿದ್ರೆಗೆ ಎದುರಾಗಿ ಇರುವುದು ಇಡಿಯ ಪ್ರಾಣವಲ್ಲ. ಆ ಒಂದು ಬೆಳಗಿನ ಚಿಕಿತ್ಸೆಯಿಂದ ಆಗುವಷ್ಟು ಹಿತ ಮಾತ್ರ. ಅದು ಎಷ್ಟೆಂಬುದನ್ನು ತಿಳಿದುಕೊಳ್ಳುವ ಹೊಣೆ ಎಬ್ಬಿಸುವವರ ಮೇಲಿದೆ.

ಹಾಗೆ ತಿಳಿದುಕೊಳ್ಳದೆ ಹೋದರೆ ಆಗುವುದೇನೆಂಬುದಕ್ಕೆ ಈ ರೋಗದ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ೧೯೫೭ರಲ್ಲಿ ಅಮೆರಿಕದ ಓಹಾಯೋ ಪ್ರಾಂತದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಲೆರಾಯ್ ಮ್ಯಾಥ್ಯೂಸ್ ಎಂಬ ಮಕ್ಕಳ ವೈದ್ಯನು ಒಂದು ಸಮಗ್ರವಾದ ಚಿಕಿತ್ಸಾಕ್ರಮವನ್ನು ಆರಂಭಿಸಿದನು. ಅಂದಿನ ದಿನಗಳಲ್ಲಿ ಈ ರೋಗದ ಮಕ್ಕಳು ಶಾಲೆಯ ಮುಖವನ್ನು ನೋಡುವ ಮುಂಚೆಯೇ ಸಾಯುವುದು ವಾಡಿಕೆ. ರೋಗವು ಬಲಿತ ಮೇಲೆ ಹೋರಾಡುವುದಕ್ಕಿಂತ, ಬಲಿಯದಂತೆ ಮೊದಲಿಂದಲೂ ತಡೆಯಬೇಕೆಂಬುದು ಅವನ ಹಟ. ದಿನವೂ ಎದೆ ತಟ್ಟುವುದು, ಕ್ರಿಮಿನಾಶಕ ಔಷಧಗಳು, ಆಹಾರದಲ್ಲಿ ಎಚ್ಚರಿಕೆ, ಇವುಗಳ ಜೊತೆಗೆ ರಾತ್ರಿ ಮಂಜಿನ ಡೇರೆಯಲ್ಲಿ ಮಲಗಿಸುವುದೂ ಆ ಕ್ರಮದಲ್ಲಿ ಸೇರಿತ್ತು. ಹಾಸಿಗೆಯ ಸುತ್ತಲೂ ಪ್ಲಾಸ್ಟಿಕ್ಕಿನ ಪರದೆಯನ್ನು ಇಳಿಬಿಟ್ಟು, ಯಂತ್ರದಿಂದ ಅದರೊಳಕ್ಕೆ ಇರುಳೆಲ್ಲ ನೀರಿನ ಸಣ್ಣ ತುಂತುರನ್ನು ತುಂಬುತ್ತಿದ್ದರು. ಒಳಗೆ ಮಲಗಿದ ಮಗುವು ಹೊರಗಿನವರಿಗೆ ಕಾಣದಷ್ಟು ದಟ್ಟವಾದ ಮಂಜು. ಯಂತ್ರದ ಸದ್ದು ಬೆಳಗಿನವರೆಗೂ ನಿಲ್ಲುತ್ತಿರಲಿಲ್ಲ. ಮಗು ಏಳುವ ಹೊತ್ತಿಗೆ ತಲೆಗೂದಲು, ಬಟ್ಟೆ, ದಿಂಬು, ಹಾಸಿಗೆ ಎಲ್ಲವೂ ತೊಯ್ದಿರುತ್ತಿತ್ತು. ಮನೆಯಲ್ಲಿಯೂ ಹೀಗೆಯೇ, ವರ್ಷದ ಎಲ್ಲಾ ರಾತ್ರಿಗಳಲ್ಲಿಯೂ. ಅಮೆರಿಕದ ಇತರ ಊರುಗಳಿಗೂ ಈ ಡೇರೆಗಳು ಹಬ್ಬಿದುವು. ಸಾವಿರಾರು ಮಕ್ಕಳ ಬಾಲ್ಯದ ಇರುಳುಗಳು ಆ ಮಂಜಿನೊಳಗೆ ಕಳೆದುವು.

ಇದರ ಹಿಂದೆ ಇದ್ದ ತರ್ಕ ಮೂರ್ಖತನದ್ದಾಗಿರಲಿಲ್ಲ. ಲೋಳೆ ಗಟ್ಟಿಯಾಗಿದೆ, ನೀರು ಸೇರಿಸಿದರೆ ತೆಳುವಾಗುತ್ತದೆ, ಉಸಿರಿನೊಂದಿಗೆ ನೀರು ಒಳಕ್ಕೆ ಹೋಗಲಿ. ಇದನ್ನು ಯಾರೂ ಒಪ್ಪುವಂತೆಯೇ ಇತ್ತು. ಆದರೆ ಹೀಗೆ ಒಪ್ಪುವಂತಿದ್ದುದರಿಂದಲೇ ಬಹುಕಾಲ ಅದನ್ನು ಪರೀಕ್ಷಿಸಲಿಲ್ಲ. ಕಡೆಗೆ ಪರೀಕ್ಷೆಗಳು ನಡೆದಾಗ, ಆ ತುಂತುರಿನಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವುದು ಅತ್ಯಲ್ಪವೆಂದೂ, ಬಹುಪಾಲು ಹಾಸಿಗೆಯ ಮೇಲೆಯೂ ಮೂಗು ಗಂಟಲುಗಳಲ್ಲಿಯೂ ಇಳಿದು ನಿಲ್ಲುತ್ತದೆಂದೂ, ಡೇರೆಯಲ್ಲಿ ಮಲಗಿದ ಮಕ್ಕಳ ಉಸಿರಿಗೆ ಅದರಿಂದ ಯಾವ ಪ್ರಯೋಜನವೂ ಕಾಣುವುದಿಲ್ಲವೆಂದೂ ಗೊತ್ತಾಯಿತು. ಸದಾ ತೇವವಾಗಿರುವ ಯಂತ್ರವು ಕ್ರಿಮಿಗಳಿಗೂ ಮನೆಯಾಗಬಹುದೆಂಬ ಭೀತಿ ಬೇರೆ. ೧೯೭೦ರ ದಶಕದಲ್ಲಿ ಡೇರೆಗಳನ್ನು ಕಳಚಿ ಮೂಲೆಗಿಟ್ಟರು.

ಮ್ಯಾಥ್ಯೂಸನನ್ನು ದೂಷಿಸುವುದು ಇಲ್ಲಿಯ ಉದ್ದೇಶವಲ್ಲ. ದೂಷಿಸುವುದು ನ್ಯಾಯವೂ ಅಲ್ಲ. ಅವನ ಕೈಯಲ್ಲಿದ್ದ ಮಕ್ಕಳು ಬೇರೆಡೆಯ ಮಕ್ಕಳಿಗಿಂತ ಎಷ್ಟೋ ಹೆಚ್ಚು ಕಾಲ ಬದುಕಿದರು. ಮೊದಲು ಇದನ್ನು ನಂಬದಿದ್ದವರೂ ೧೯೬೪ರ ತರುವಾಯ ಎಲ್ಲೆಡೆಯಿಂದ ಲೆಕ್ಕಗಳನ್ನು ತರಿಸಿ ನೋಡಿ ನಂಬಬೇಕಾಯಿತು. ಅವನ ಕ್ರಮವನ್ನೇ ಇತರರೂ ಹಿಡಿದರು. ಕಷ್ಟವಿದ್ದುದು ಇಲ್ಲಿಯೇ. ಹತ್ತು ಉಪಚಾರಗಳ ಕಟ್ಟು ಒಟ್ಟಿನಲ್ಲಿ ಫಲಕೊಟ್ಟಾಗ, ಅದರಿಂದ ಒಂದು ಕಡ್ಡಿಯನ್ನು ಎಳೆಯುವ ಧೈರ್ಯ ಯಾರಿಗೆ ಬಂದೀತು? ತನ್ನ ಮಗುವಿನ ಮೇಲೆ ಆ ಪರೀಕ್ಷೆ ಮಾಡೆಂದು ಯಾವ ತಾಯಿ ಹೇಳಿಯಾಳು? ಡೇರೆಯು ನಿಂತದ್ದು ತನ್ನ ಬಲದಿಂದಲ್ಲ, ಜೊತೆಯವರ ಬಲದಿಂದ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಂತಹುದೇ ಉಪಚಾರವನ್ನು ಹಗಲಿನಲ್ಲಿ ಮಾಡಬೇಕಾಗಿದ್ದು, ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ಒದ್ದೆಬಟ್ಟೆಯಲ್ಲಿ ಪರದೆಯೊಳಗೆ ಕೂಡಿಸಬೇಕಾಗಿದ್ದಿದ್ದರೆ ಅಷ್ಟು ವರ್ಷ ಅದು ನಡೆಯುತ್ತಿತ್ತೆ? ನಡೆಯುತ್ತಿರಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಹಗಲನ್ನು ತೆಗೆದುಕೊಂಡರೆ ಮಗು ಅಳುತ್ತದೆ, ಆಟ ತಪ್ಪಿತೆನ್ನುತ್ತದೆ, ನೆರೆಯವರು ಕೇಳುತ್ತಾರೆ. ಇರುಳನ್ನು ತೆಗೆದುಕೊಂಡರೆ ದೂರುವವರು ಯಾರೂ ಇಲ್ಲ. ನಿದ್ರಿಸುವವನು ಸಾಕ್ಷಿ ಹೇಳಲಾರ. ಆದುದರಿಂದ ಇರುಳು ಒಡೆಯನಿಲ್ಲದ ಬಯಲು. ಅಲ್ಲಿ ಏನನ್ನು ಕಟ್ಟಿದರೂ ಬಾಡಿಗೆ ಕೊಡಬೇಕಾಗಿಲ್ಲವೆಂಬ ಭಾವನೆ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಚಿಕಿತ್ಸೆಯ ಏರ್ಪಾಡಿನಲ್ಲಿ ನುಸುಳಿಕೊಂಡಿತು. ಡೇರೆಗಳನ್ನು ಕಿತ್ತದ್ದು ಕೂಡ ನಿದ್ರೆಯ ಪರವಾಗಿ ಅಲ್ಲ. ಅವು ಉಸಿರಿಗೆ ಒದಗಲಿಲ್ಲವೆಂದು. ಆ ಮಕ್ಕಳು ಅಷ್ಟು ವರ್ಷ ಹೇಗೆ ಮಲಗಿದ್ದರೆಂಬುದು ಲೆಕ್ಕದ ಪುಸ್ತಕಕ್ಕೆ ಬರಲೇ ಇಲ್ಲ.

ಆಯುರ್ವೇದವು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ಮಾತನಾಡಿತೆನ್ನಬೇಕು. ಚರಕಸಂಹಿತೆಯು ಶರೀರಕ್ಕೆ ಮೂರು ಆಧಾರಸ್ತಂಭಗಳನ್ನು ಹೇಳುತ್ತದೆ: ಆಹಾರ, ನಿದ್ರೆ, ಬ್ರಹ್ಮಚರ್ಯ. ನಿದ್ರೆಯನ್ನು ಅದು ಆಹಾರದ ಪಕ್ಕದಲ್ಲಿಯೇ ನಿಲ್ಲಿಸಿತು. ಎರಡು ಊಟಗಳ ನಡುವಣ ಖಾಲಿ ಹೊತ್ತೆಂದು ಎಣಿಸಲಿಲ್ಲ. ಆದರೆ ಚರಕನಿಗೆ ಬಾರದಿದ್ದ ಒಂದು ಸಂಕಟ ಈ ರೋಗದಲ್ಲಿ ಬರುತ್ತದೆ. ಇಲ್ಲಿ ಸ್ತಂಭಕ್ಕೂ ಸ್ತಂಭಕ್ಕೂ ಜಗಳ. ಹಗಲಿನ ಊಟದಿಂದ ಮೈಗೂಡದ ಮಗುವಿಗೆ ವೈದ್ಯರು ಹೊಟ್ಟೆಗೆ ಒಂದು ಸಣ್ಣ ನಳಿಕೆಯನ್ನಿಟ್ಟು, ರಾತ್ರಿ ಮಲಗಿದ ಮೇಲೆ ಯಂತ್ರದ ಮೂಲಕ ನಿಧಾನವಾಗಿ ದ್ರವಾಹಾರವನ್ನು ಹರಿಸುತ್ತಾರೆ. ಯಂತ್ರವು ನಡುನಡುವೆ ಗಂಟೆ ಬಾರಿಸುತ್ತದೆ, ನಳಿಕೆ ಮಡಿಸಿಕೊಳ್ಳುತ್ತದೆ, ಹೊಟ್ಟೆಯುಬ್ಬರ, ಮೂತ್ರಕ್ಕೆ ಏಳುವುದು, ಕೆಲವೊಮ್ಮೆ ಹಾಸಿಗೆಯೆಲ್ಲ ಅಂಟು. ಆಹಾರವನ್ನು ಕೊಟ್ಟು ನಿದ್ರೆಯನ್ನು ಕಸಿದಂತಾಯಿತು. ಇದೂ ಮಂಜಿನ ಡೇರೆಯೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಅಲ್ಲ. ಮಗು ತೂಗುತ್ತದೆ, ಬೆಳೆಯುತ್ತದೆ. ಇಲ್ಲಿ ನಿದ್ರೆಗೆ ಬದಲಾಗಿ ಕೈಗೆ ಬರುವುದು ಏನೆಂಬುದು ತಕ್ಕಡಿಯಲ್ಲಿಯೇ ಕಾಣುತ್ತದೆ. ಒಂದು ಕೊಳ್ಳುವಿಕೆ, ಇನ್ನೊಂದು ಕಳ್ಳತನ; ಉದ್ದೇಶ ಎರಡರಲ್ಲಿಯೂ ಒಳ್ಳೆಯದೇ ಆಗಿದ್ದರೂ ಈ ಭೇದವನ್ನು ಮರೆಯಲಾಗದು. ಕೊಂಡವನಾದರೂ ಕೊಟ್ಟ ಬೆಲೆಯನ್ನು ಆಗಾಗ ಮತ್ತೆ ಎಣಿಸಿ ನೋಡಬೇಕು. ತೂಕ ಬಂದ ಮೇಲೂ, ಬಿಡಿಸುವ ಯೋಚನೆ ಯಾರಿಗೂ ಬಾರದ್ದರಿಂದ ಮಾತ್ರ ನಳಿಕೆಯು ಉಳಿದಿದ್ದರೆ ಅದು ಡೇರೆಯೇ ಆಯಿತು.

ಏನನ್ನು ಲಾಭವೆಂದು ಎಣಿಸುವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ರಾತ್ರಿ ಪ್ರಾಣವಾಯು ಇಳಿಯುವ ರೋಗಿಗಳಿಗೆ ಮಲಗುವ ಹೊತ್ತಿನಲ್ಲಿ ಅದನ್ನು ಹೊರಗಿನಿಂದ ಕೊಟ್ಟು, ಕೆನಡಾ ದೇಶದ ವೈದ್ಯರು ಒಂದು ಪ್ರಯೋಗ ನಡೆಸಿ ೧೯೮೯ರಲ್ಲಿ ಅದನ್ನು ಪ್ರಕಟಿಸಿದರು. ರೋಗಿಗಳ ಸಂಖ್ಯೆ ಹೆಚ್ಚಿನದಲ್ಲ. ಪ್ರಾಣವಾಯುವನ್ನು ಪಡೆದವರು ಪಡೆಯದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಅವರ ರೋಗದ ನಡೆಯೂ ನಿಧಾನವಾಗಲಿಲ್ಲ. ಆದರೆ ಪಡೆದವರು ಶಾಲೆಗೂ ಕೆಲಸಕ್ಕೂ ಮೊದಲಿನಂತೆಯೇ ಹೋಗುತ್ತಿದ್ದರು. ಪಡೆಯದವರು ಕ್ರಮೇಣ ಬಿಡುತ್ತ ಬಂದರು. ಆಯುಸ್ಸನ್ನು ಮಾತ್ರ ಅಳೆಯುವವನಿಗೆ ಇದು ಸೋತ ಪ್ರಯೋಗ. ಇರುವಷ್ಟು ದಿನವೂ ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಡುವ ಹುಡುಗಿಗೆ ಅದು ಹಾಗೆ ಕಂಡಿರಲಾರದು.

ಹುಡುಗರು ಪ್ರಾಯಕ್ಕೆ ಬಂದ ಮೇಲೆ ಸಮಸ್ಯೆಯ ಮುಖವೇ ಬೇರೆಯಾಗುತ್ತದೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಆರೋಗ್ಯವಂತರಿಗೂ ರಾತ್ರಿ ನಿದ್ರೆ ತಡವಾಗಿ ಬರುತ್ತದೆ, ಬೆಳಗ್ಗೆ ತಡವಾಗಿ ಬಿಡುತ್ತದೆ. ಇದು ಸೋಮಾರಿತನವಲ್ಲ, ದೇಹದ ಗಡಿಯಾರವೇ ಆ ವಯಸ್ಸಿನಲ್ಲಿ ಹಿಂದಕ್ಕೆ ಸರಿಯುತ್ತದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ರೋಗಿಯಾದ ತರುಣನನ್ನು ಅದೇ ಹೊತ್ತಿನಲ್ಲಿ ಚಿಕಿತ್ಸೆಗೆ ಎಬ್ಬಿಸಬೇಕು. ಅವನು ಏಳನು. ತಂದೆ ಗದರಿಸುತ್ತಾನೆ. ಹುಡುಗನು ಮುಸುಕನ್ನು ಇನ್ನೂ ಬಲವಾಗಿ ಎಳೆದುಕೊಳ್ಳುತ್ತಾನೆ. ವೈದ್ಯನ ಕಾಗದದಲ್ಲಿ ಇದಕ್ಕೆ ಹೇಳಿದಂತೆ ನಡೆಯದವನೆಂದು ಹೆಸರು ಬೀಳುತ್ತದೆ. ಆದರೆ ಆ ಮುಸುಕಿನ ಒಳಗಿರುವವನು ರಾತ್ರಿ ನಾಲ್ಕಾರು ಸಲ ಎದ್ದು ಕೆಮ್ಮಿದವನೆಂಬುದನ್ನು ಬರೆಯುವವರಾರು? ಅವನು ಚಿಕಿತ್ಸೆಯನ್ನು ಬೇಡವೆನ್ನುತ್ತಿಲ್ಲ, ನಿದ್ರೆಯನ್ನು ಬೇಕೆನ್ನುತ್ತಿದ್ದಾನೆ. ಎರಡೂ ಒಂದೇ ಎಂದು ತಿಳಿಯುವುದರಿಂದಲೇ ಎಷ್ಟೋ ಮನೆಗಳಲ್ಲಿ ಬೆಳಗಿನ ಹೊತ್ತು ಯುದ್ಧಭೂಮಿಯಾಗುತ್ತದೆ.

ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ನೋಡಬೇಕೆಂಬ ಹಿರಿಯರ ಮಾತು ಎಲ್ಲರಿಗೂ ಬಾಯಿಗೆ ಬರುತ್ತದೆ. ಮಿತ್ರನನ್ನು ಎಬ್ಬಿಸುವ ಮುಂಚೆ ಹಿಂದಿನ ರಾತ್ರಿ ಅವನೊಡನೆ ಮಾತನಾಡುವುದುಂಟು. ಯಾವ ಉಪಚಾರವು ಬಿಡಲಾಗದ್ದು, ಯಾವುದನ್ನು ಸಂಜೆಗೆ ತಳ್ಳಬಹುದು, ವಾರಕ್ಕೊಂದು ದಿನವಾದರೂ ಬೆಳಕು ಹರಿದ ಮೇಲೆ ಏಳುವುದಕ್ಕೆ ವೈದ್ಯನ ಒಪ್ಪಿಗೆಯುಂಟೆ ಎಂದು ಅವನ ಇದಿರಿನಲ್ಲಿಯೇ ಕೇಳುವುದುಂಟು. ಕೇಳಿದಾಗ, ಬದಲಾಯಿಸಬಾರದೆಂದು ಎಲ್ಲರೂ ನಂಬಿದ್ದುದರಲ್ಲಿ ಸ್ವಲ್ಪವಾದರೂ ಬದಲಾಯಿಸಬಹುದಾದದ್ದೆಂದು ತಿಳಿದುಬರಬಹುದು. ಹಾಗೆ ತಿಳಿಯದಿದ್ದರೂ, ತನ್ನ ನಿದ್ರೆಗೆ ಬೆಲೆಯಿದೆಯೆಂದು ಮನೆಯವರು ಬಲ್ಲರೆಂಬ ಅರಿವಿನಿಂದ ಏಳುವವನಿಗೂ, ಬೆಲೆಯಿಲ್ಲವೆಂದು ಎಳೆಯಲ್ಪಟ್ಟವನಿಗೂ ಭೇದವಿದೆ.

ತಾಯಿಯ ನಿದ್ರೆಯ ವಿಷಯವನ್ನು ಇಲ್ಲಿ ಬಿಡುವುದಕ್ಕಾಗದು. ಗೋಡೆಯಾಚೆಯ ಕೆಮ್ಮಿಗೆ ಅವಳಿಗೆ ಎಚ್ಚರವಾಗುತ್ತದೆ. ಬಹಳ ಹೊತ್ತು ಕೆಮ್ಮು ಕೇಳದಿದ್ದರೂ ಎಚ್ಚರವಾಗುತ್ತದೆ. ಆಗ ಎದ್ದುಹೋಗಿ ಮೂಗಿನ ಬಳಿ ಬೆರಳಿಟ್ಟು ನೋಡುತ್ತಾಳೆ; ಕೆಲವೊಮ್ಮೆ ಆ ಬೆರಳಿನಿಂದಲೇ ಮಗುವಿಗೆ ಎಚ್ಚರವಾಗುವುದೂ ಉಂಟು. ಇದನ್ನು ತಪ್ಪೆನ್ನುವ ನೀತಿಶಾಸ್ತ್ರವನ್ನು ಇನ್ನೂ ಯಾರೂ ಬರೆದಿಲ್ಲ, ಬರೆಯದಿರುವುದೇ ಒಳ್ಳೆಯದು.

ಈಚಿನ ವರ್ಷಗಳಲ್ಲಿ ಈ ಕಥೆಗೆ ಒಂದು ದೊಡ್ಡ ತಿರುವು ಬಂದಿದೆ. ಕೆಟ್ಟ ಬಾಗಿಲನ್ನೇ ಸರಿಪಡಿಸುವ ಔಷಧಗಳಲ್ಲಿ ಮೊದಲನೆಯದು ಅಮೆರಿಕದಲ್ಲಿ ೨೦೧೨ರಲ್ಲಿ ಬಳಕೆಗೆ ಬಂದಿತು. ಬಹುಪಾಲು ರೋಗಿಗಳಿಗೆ ಒದಗುವ, ಮೂರು ಔಷಧಗಳು ಕೂಡಿದ ಟ್ರೈಕಾಫ್ಟಾ ಎಂಬುದು ೨೦೧೯ರಲ್ಲಿ. ಅದನ್ನು ತೆಗೆದುಕೊಂಡ ಅನೇಕರಲ್ಲಿ ಕೆಲವೇ ದಿನಗಳಲ್ಲಿ ಕಫ ಕರಗಿ, ಹುಟ್ಟಿದಾಗಿನಿಂದ ಇದ್ದ ರಾತ್ರಿಯ ಕೆಮ್ಮು ನಿಂತುಹೋಯಿತು. ಆದರೆ ಕೆಲವರಿಗೆ ಆ ಔಷಧದಿಂದಲೇ ನಿದ್ರೆ ಬಾರದಾಗಿದೆಯೆಂದೂ, ಮನಸ್ಸು ಕುಗ್ಗಿದೆಯೆಂದೂ ದೂರುಗಳು ಬಂದಿವೆ. ಬೆಳಗಿನ ಗುಳಿಗೆಯನ್ನು ರಾತ್ರಿಗೂ ರಾತ್ರಿಯದನ್ನು ಬೆಳಗ್ಗೆಗೂ ಬದಲಾಯಿಸಿ ವೈದ್ಯರು ನೋಡುತ್ತಿದ್ದಾರೆ. ಹಿಂದಿನ ಕಾಲವಾಗಿದ್ದರೆ, ಪ್ರಾಣ ಉಳಿದಿದೆಯಲ್ಲ, ನಿದ್ರೆಗೇನು ಎನ್ನುತ್ತಿದ್ದರೇನೋ. ಈಗ ಆ ದೂರನ್ನು ಬರೆದಿಟ್ಟುಕೊಳ್ಳುತ್ತಾರೆ. ಅದೇನೂ ಕಡಮೆಯ ಪ್ರಗತಿಯಲ್ಲ.

ಔಷಧಕ್ಕೆ ಅಮೆರಿಕದಲ್ಲಿ ಮೊದಲು ಕಟ್ಟಿದ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಮಿಕ್ಕದ್ದು. ಭಾರತದಲ್ಲಿ ಈ ರೋಗವೇ ಇಲ್ಲವೆಂದು ವೈದ್ಯರು ಬಹುಕಾಲ ತಿಳಿದಿದ್ದರು. ಇದೆಯೆಂದೂ, ಕ್ಷಯವೆಂದೋ ಉಬ್ಬಸವೆಂದೋ ಮತ್ತೆ ಮತ್ತೆ ಬರುವ ನ್ಯುಮೋನಿಯವೆಂದೋ ಹೆಸರು ಪಡೆದು ಮರೆಯಾಗುತ್ತಿದೆಯೆಂದೂ ಈಗ ಬಲ್ಲರು. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮುಂತಾದೆಡೆಗಳಲ್ಲಿ ಇಂತಹ ಮಕ್ಕಳನ್ನು ಗುರುತಿಸಿ ಪೋಷಿಸುತ್ತಿದ್ದಾರೆ. ಹೊಸ ಔಷಧವನ್ನು ಕೊಳ್ಳಲಾರದ ಮನೆಗಳಲ್ಲಿ ಉಳಿದಿರುವುದು ಹಳೆಯ ದಾರಿಯೊಂದೇ: ಬೆಳಕು ಹರಿಯುವ ಮುಂಚೆ ಎದ್ದು, ಮಗುವನ್ನು ಎಬ್ಬಿಸಿ, ಅಂಗೈಯನ್ನು ಬಟ್ಟಲಿನಂತೆ ಮಾಡಿಕೊಂಡು ಬೆನ್ನು ತಟ್ಟುವುದು.

ಹಸುಗೂಸಿನ ವಿಷಯದಲ್ಲಿ ಮಾತ್ರ ಒಂದು ವಿಶೇಷವುಂಟು. ತಾಯಿಯ ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಹೀಗೆ ಒಂದೇ ಲಯದಲ್ಲಿ ತಟ್ಟುತ್ತಿರುವಾಗ, ಮೊದಲು ಅತ್ತ ಕೂಸು ಸ್ವಲ್ಪ ಹೊತ್ತಿನಲ್ಲಿಯೇ ಸುಮ್ಮನಾಗಿ ಎಷ್ಟೋ ವೇಳೆ ನಿದ್ರೆ ಹೋಗಿಬಿಡುತ್ತದೆ. ಕನ್ನಡದ ಮನೆಗಳಲ್ಲಿ ಕೂಸನ್ನು ಮಲಗಿಸುವುದಕ್ಕೂ ತಟ್ಟುವುದೆಂದೇ ಹೆಸರು. ತಾಯಿಯು ಹೊತ್ತು ಮುಗಿಯುವವರೆಗೂ ತಟ್ಟಿ, ಬಾಯಿಯ ಕಫವನ್ನು ಒರಸಿ, ಕೈಯನ್ನು ನಿಲ್ಲಿಸುತ್ತಾಳೆ. ಕೂಸನ್ನು ಕೆಳಗಿಳಿಸಿದರೆ ಎಚ್ಚರವಾದೀತೆಂದು ಹಾಗೆಯೇ ಕುಳಿತಿರುತ್ತಾಳೆ.